ಪ್ರಾಮಾಣ್ಯದ ನೆಲೆ

ನಮಗುಂಟಾದ ಜ್ಞಾನವು ಯಥಾರ್ಥವೆಂಬ ನಿಶ್ಚಯವು ಆ ಜ್ಞಾನದಿಂದಲೇ ಒದಗುವುದೋ, ಇಲ್ಲವೆ ಅದಕ್ಕೆ ಹೊರಗಾದ ಮತ್ತೊಂದು ಸಾಧನದಿಂದ ಒದಗಬೇಕೋ ಎಂಬ ಪ್ರಶ್ನೆಯನ್ನು ಕುರಿತು ನಮ್ಮ ದರ್ಶನಕಾರರು ಶತಮಾನಗಳ ಕಾಲ ವಾದಿಸಿದರು. ಜ್ಞಾನವು ಸ್ವತಃ ಪ್ರಮಾಣವೆಂದೂ, ಬಾಧಕವೊಂದು ತೋರಿಬಂದಾಗ ಮಾತ್ರ ಅದರ ಅಪ್ರಾಮಾಣ್ಯವು ತಿಳಿಯುವುದೆಂದೂ ಮೀಮಾಂಸಕನಾದ ಕುಮಾರಿಲಭಟ್ಟನು ಶ್ಲೋಕವಾರ್ತಿಕದಲ್ಲಿ ಪ್ರತಿಪಾದಿಸಿದನು. ಪ್ರಾಮಾಣ್ಯವೂ ಪರತಃ, ಬೇರೊಂದರ ಪರೀಕ್ಷೆಯಿಂದಲೇ ಸಿದ್ಧವಾಗತಕ್ಕದ್ದೆಂದು ನೈಯಾಯಿಕರು ಹೇಳಿದರು. ಮನೆಯ ಕಡತಗಳನ್ನು ಕಾಯುವ ಸ್ಟೋರೇಜ್ ಸರ್ವರಿಗೆ ಎರಡು ಬೂಟ್ ಡಿಸ್ಕುಗಳನ್ನು ಮಿರರ್ ಮಾಡಿ ಜೋಡಿಸುವ ಕಾರ್ಯದಲ್ಲಿಯೂ ಇದೇ ಪ್ರಶ್ನೆ ಅಡಗಿದೆ.

ಒಂದೇ ಬರಹವನ್ನು ಎರಡು ಡಿಸ್ಕುಗಳಲ್ಲಿಯೂ ಬರೆದಿಡುವ ಈ ಕ್ರಮವನ್ನು ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರ ತಮ್ಮ ಪ್ರಬಂಧದಲ್ಲಿ, ಹಲವು ಡಿಸ್ಕುಗಳನ್ನು ಒಂದಾಗಿ ಜೋಡಿಸುವ ರೇಯ್ಡ್‌ನ ಮೊದಲನೆಯ ಹಂತವೆಂದು ಗಣಿಸಿದರು. ಒಂದು ಡಿಸ್ಕು ಕೆಟ್ಟು ನಿಂತರೆ ಇನ್ನೊಂದು ಯಂತ್ರವನ್ನು ನಡೆಸಿಕೊಂಡು ಹೋಗುವುದು. ಆದರೆ ಡಿಸ್ಕು ನಿಲ್ಲದೆ, ಯಾವ ದೋಷವನ್ನೂ ತೋರಗೊಡದೆ, ಬರೆದುದನ್ನು ಬಿಟ್ಟು ಬೇರೊಂದನ್ನು ಓದಿ ಒಪ್ಪಿಸಿದರೆ? ಇಬ್ಬರೇ ಸಾಕ್ಷಿಗಳು ಭಿನ್ನವಾಗಿ ನುಡಿದಾಗ ನ್ಯಾಯಾಧಿಪತಿಗೊದಗುವ ಸಂಕಟವೇ ಬರಿಯ ಮಿರರಿಗೂ ಒದಗುತ್ತದೆ. ಎರಡಾಗಿರುವುದರಿಂದ ಸಂಶಯ ಹುಟ್ಟೀತೇ ಹೊರತು ನಿರ್ಣಯ ಹುಟ್ಟದು.

ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ರೂಪುಗೊಂಡು 2005ರಲ್ಲಿ ಮೂಲಸಂಕೇತದೊಡನೆ ಹೊರಬಂದ ಝಡ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯು ಇಲ್ಲಿ ನೈಯಾಯಿಕರ ದಾರಿಯನ್ನು ಹಿಡಿಯುತ್ತದೆ. ಪ್ರತಿಯೊಂದು ಬ್ಲಾಕಿನ ಬರಹದಿಂದ ಲೆಕ್ಕಹಾಕಿದ ಪರೀಕ್ಷಾಂಕವಾದ ಚೆಕ್‌ಸಮ್ಮನ್ನು ಅದು ಆ ಬ್ಲಾಕಿನ ಬಳಿಯಲ್ಲಿಡದೆ, ಅದನ್ನು ನಿರ್ದೇಶಿಸುವ ಮೇಲಣ ಬ್ಲಾಕಿನಲ್ಲಿಡುತ್ತದೆ. ಓದಿದುದು ಆ ಚೆಕ್‌ಸಮ್ಮಿಗೆ ಹೊಂದದಿದ್ದರೆ ಎರಡನೆಯ ಡಿಸ್ಕಿನ ಪ್ರತಿಯನ್ನು ಪರೀಕ್ಷಿಸಿ ಸ್ವೀಕರಿಸಿ, ಕೆಟ್ಟ ಪ್ರತಿಯನ್ನು ತಿದ್ದಿ ಬರೆಯುತ್ತದೆ. ಹಾಗಾದರೆ ಆ ಮೇಲಣ ಬ್ಲಾಕಿಗೆ ಪ್ರಮಾಣವೇನು? ಅದಕ್ಕೂ ಮೇಲಣದು. ಪ್ರಮಾಣಕ್ಕೆ ಪ್ರಮಾಣವನ್ನು ಕೊನೆಯಿಲ್ಲದೆ ಹುಡುಕಬೇಕಾಗುವ, ಮೀಮಾಂಸಕನು ತೋರಿದ ಅನವಸ್ಥಾದೋಷವು ಇಲ್ಲಿಯೇ ಎದುರಾಗುತ್ತದೆ. ಆದರೆ ಆ ಸರಣಿಯು ಊಬರ್‌ಬ್ಲಾಕ್ ಎಂಬ, ತನಗೆ ಮೇಲಿಲ್ಲದ, ತನ್ನ ಚೆಕ್‌ಸಮ್ಮನ್ನು ತನ್ನೊಡನೆಯೇ ಹೊತ್ತ ಮೂಲದಲ್ಲಿ ವಿಶ್ರಾಂತಿ ಪಡೆಯುತ್ತದೆ.

ಯಂತ್ರದ ಪ್ರಥಮ ಜಾಗೃತಿಯಂತೂ ಈ ಪರೀಕ್ಷೆಗೆ ಒಳಪಡುವುದೇ ಇಲ್ಲ. ಫರ್ಮ್‌ವೇರ್ ಮೊದಲು ಓದುವ ಇಎಫ್‌ಐ ಪಾರ್ಟಿಷನ್ನು ಝಡ್‌ಎಫ್‌ಎಸ್ ಮಿರರಿನ ಹೊರಗಿನದು. ಆದುದರಿಂದಲೇ ಬೂಟ್‌ಲೋಡರನ್ನು ಎರಡು ಡಿಸ್ಕುಗಳಲ್ಲಿಯೂ ಪ್ರತ್ಯೇಕವಾಗಿ ಸ್ಥಾಪಿಸಬೇಕು. ಇದನ್ನು ಮರೆತರೆ, ಮೊದಲನೆಯ ಡಿಸ್ಕು ಅಳಿದ ದಿನ ಎರಡನೆಯದರಲ್ಲಿ ಸಮಸ್ತವೂ ಅಕ್ಷತವಾಗಿದ್ದರೂ ಯಂತ್ರವು ಏಳಲಾರದು. ಎಲ್ಲವನ್ನೂ ಪರೀಕ್ಷಿಸಬಲ್ಲ ವ್ಯವಸ್ಥೆಯೂ ತಾನು ಪರೀಕ್ಷಿಸದ ಒಂದನ್ನು ನಂಬಿಯೇ ಪರೀಕ್ಷೆಗೆ ತೊಡಗುತ್ತದೆ. ಶ್ರದ್ಧೆಯು ವಿಚಾರದ ಶತ್ರುವಲ್ಲ, ಅದರ ಪೂರ್ವಾಂಗವೆಂದು ನಾನು ನಂಬಿರುವುದು ಈ ಕಾರಣದಿಂದ.

ಆದರೂ ಚೆಕ್‌ಸಮ್ ಹೇಳಬಲ್ಲುದು ಬರೆದುದೇ ಓದಿಬಂದಿತೆಂಬುದನ್ನು ಮಾತ್ರ. ಬರೆದುದು ಸರಿಯೇ ಎಂಬುದನ್ನಲ್ಲ. ಒಡೆಯನು ತಪ್ಪಾಗಿ ಮಾಡಿದ ವಿನ್ಯಾಸವನ್ನೂ ಅಳಿಸಿಬಿಟ್ಟ ಕಡತದ ಅಭಾವವನ್ನೂ ಎರಡು ಡಿಸ್ಕುಗಳು ಸಮಾನನಿಷ್ಠೆಯಿಂದ ಧರಿಸುತ್ತವೆ. ಆದಕಾರಣ ಬ್ಯಾಕಪ್ಪನ್ನು ಬೇರೆಡೆಯಲ್ಲಿಯೇ ಇಡಬೇಕು. ಪರಂಪರೆಯಿಂದ ಬಂದುದನ್ನು ಅಕ್ಷರವೂ ಕೆಡದಂತೆ ಕಾಯುವವರಿಗೂ ಈ ವಿವೇಕ ಸಲ್ಲುತ್ತದೆ: ಯಥಾವತ್ತಾಗಿ ಕಾಪಾಡುವುದು ಒಂದು ಧರ್ಮ, ಕಾಪಾಡಿದುದು ಯಥಾರ್ಥವೇ ಎಂದು ವಿಚಾರಿಸುವುದು ಇನ್ನೊಂದು, ಮೊದಲನೆಯದನ್ನು ಯಂತ್ರಕ್ಕೊಪ್ಪಿಸಬಹುದು, ಎರಡನೆಯದನ್ನು ಮನುಷ್ಯನೇ ನಡೆಸಬೇಕು.