ಕೆಡಿಸದಿರುವುದಕ್ಕೂ ಕೂಲಿಯೇ?

ಒಬ್ಬನು ತನ್ನ ನೆಲವನ್ನು ಕೆಡಿಸದೆ ಉಳಿಸಿಕೊಂಡರೆ ಅದಕ್ಕಾಗಿ ಸರಕಾರವು ಅವನಿಗೆ ಹಣ ಕೊಡಬೇಕೇ? ಈ ಪ್ರಶ್ನೆಯನ್ನು ಕೇಳಿದೊಡನೆ ನಿಮ್ಮ ಮನಸ್ಸು 'ಬೇಡ' ಎಂದೇ ಹೇಳೀತು. ಕದಿಯದಿದ್ದವನಿಗೆ ಬಹುಮಾನ ಕೊಡುವ ಪದ್ಧತಿ ಎಲ್ಲಿಯೂ ಇಲ್ಲ. ನೆರೆಯವನ ಬಾವಿಗೆ ಕಸ ಹಾಕದಿರುವುದಕ್ಕೆ ಯಾರೂ ಸಂಬಳ ಕೇಳುವುದಿಲ್ಲ. ಭೂಮಿಯು ಮನುಷ್ಯನ ಸ್ವಂತ ಸೊತ್ತಲ್ಲ, ಅವನ ಕೈಗೆ ಒಪ್ಪಿಸಲಾದ ಅಮಾನತ್ತು ಎಂದು ನಂಬುವವರಿಗಂತೂ ಈ ಮಾತು ಇನ್ನಷ್ಟು ವಿಚಿತ್ರವಾಗಿ ಕಾಣುತ್ತದೆ. ಅಮಾನತ್ತನ್ನು ಕಾಯುವುದು ಕರ್ತವ್ಯ. ಕರ್ತವ್ಯಕ್ಕೆ ಬೆಲೆ ಕಟ್ಟುವುದೇ?

ಆದರೆ ಉತ್ತರ ಸಿಕ್ಕಿತೆಂದು ಇಲ್ಲಿಗೇ ನಿಲ್ಲಬೇಡಿ. ಸುಮಾರು ನಾಲ್ಕು ದಶಕಗಳಿಂದ ಇಂಥದೇ ಕೂಲಿ ಕೊಡುತ್ತಿರುವ ಒಂದು ನಾಡಿದೆ. ಅದು ಇಂಗ್ಲೆಂಡಿನ ಉತ್ತರ ಭಾಗದ ಗುಡ್ಡಗಾಡು: ಕಂಬ್ರಿಯಾದ ಲೇಕ್ ಡಿಸ್ಟ್ರಿಕ್ಟ್, ಯಾರ್ಕ್‌ಷೈರ್‌ನ ಕಣಿವೆಗಳು, ಪೆನ್ನೈನ್ ಬೆಟ್ಟಸಾಲು. ಅಲ್ಲಿಯ ಕಥೆಯನ್ನು ಕೇಳಿದ ಮೇಲೆ ತೀರ್ಪು ಹೇಳೋಣ.

ಆ ಬೆಟ್ಟಗಳಲ್ಲಿ ಗೋಧಿ ಬೆಳೆಯುವುದಿಲ್ಲ. ಮಳೆ ಹೆಚ್ಚು, ಮಣ್ಣು ತೆಳು, ಚಳಿಗಾಲ ದೀರ್ಘ. ಆದುದರಿಂದ ಅಲ್ಲಿನ ರೈತನೆಂದರೆ ಮುಖ್ಯವಾಗಿ ಕುರಿ ಸಾಕುವವನು. ಕಣಿವೆಯಲ್ಲಿ ಒಣಹುಲ್ಲಿಗಾಗಿ ಕೆಲವು ಹುಲ್ಲುಗದ್ದೆಗಳು. ಮೇಲೆ ಹಲವರು ಕೂಡಿ ಮೇಯಿಸುವ, ಬೇಲಿಯಿಲ್ಲದ ಸಾಮುದಾಯಿಕ ಗುಡ್ಡ. ಬೇಲಿಯಿಲ್ಲದಿದ್ದರೂ ಹಿಂಡು ಅಡ್ಡಾದಿಡ್ಡಿ ಹೋಗುವುದಿಲ್ಲ. ತಾಯಿಕುರಿಯು ತಾನು ಮೇಯುವ ಎಲ್ಲೆಯನ್ನು ಮರಿಗೆ ಕಲಿಸುತ್ತದೆ, ಮರಿ ದೊಡ್ಡದಾಗಿ ತನ್ನ ಮರಿಗೆ ಕಲಿಸುತ್ತದೆ. ಹಿಂಡನ್ನು ಒಮ್ಮೆ ಮಾರಿಬಿಟ್ಟರೆ ಆ ತಿಳುವಳಿಕೆಯೂ ಹೋಯಿತು. ಎಷ್ಟೋ ಕಡೆ ಗೇಣಿದಾರ ಬದಲಾದರೂ ಹಿಂಡು ನೆಲದೊಂದಿಗೇ ಉಳಿಯುವುದು ಇದೇ ಕಾರಣಕ್ಕೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಆಹಾರದ ಅಭಾವವನ್ನು ಕಂಡಿತ್ತು. ಯುದ್ಧ ಮುಗಿದೊಡನೆ, 1946ರಲ್ಲಿ, ಗುಡ್ಡಗಾಡು ಕೃಷಿಗೆಂದೇ ಕಾಯ್ದೆ ತಂದು ಸಹಾಯಧನ ಆರಂಭಿಸಿತು. ಹೆಚ್ಚು ಬೆಳೆಸಿರಿ ಎಂಬುದೊಂದೇ ಆಗಿನ ಮಂತ್ರ. ಬೆಟ್ಟದ ನೆತ್ತಿಯಲ್ಲಿ ಪೀಟ್ ಎಂಬ ಕಪ್ಪು ಜೌಗು ಮಣ್ಣಿದೆ. ಕೊಳೆಯದ ಪಾಚಿಯ ಮೇಲೆ ಪಾಚಿ ಕೂಡಿ ಆದುದು, ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್ ಮಾತ್ರ ಬೆಳೆಯುವಂಥದು. ಅದನ್ನು ಒಣಗಿಸಿದರೆ ಮೇವು ಹೆಚ್ಚುತ್ತದೆಂದು ಸಲಹೆಗಾರರು ಹೇಳಿದರು. ಚರಂಡಿ ತೋಡುವ ಖರ್ಚಿನಲ್ಲಿ ದೊಡ್ಡ ಪಾಲನ್ನು ಸರಕಾರವೇ ಕೊಟ್ಟಿತು. 1960 ಮತ್ತು 70ರ ದಶಕಗಳಲ್ಲಿ ಬೆಟ್ಟಗಳ ಮೇಲೆ ಬಾಚಣಿಗೆಯಲ್ಲಿ ಎಳೆದಂತೆ ಚರಂಡಿಗಳ ಸಾಲು ಮೂಡಿತು. ಬ್ರಿಟನ್ 1973ರಲ್ಲಿ ಯುರೋಪಿಯನ್ ಸಮುದಾಯವನ್ನು ಸೇರಿದ ಮೇಲೆ ತಲೆಯೆಣಿಕೆಯ ಸಹಾಯಧನಕ್ಕೆ ಇನ್ನಷ್ಟು ಬಲ ಬಂತು. ಕುರಿಯೊಂದಕ್ಕೆ ಇಷ್ಟು ಎಂದು ಹಣ. ಹಾಗಿದ್ದ ಮೇಲೆ ಯಾರು ತಾನೇ ಹಿಂಡನ್ನು ಕಡಿಮೆ ಮಾಡಿಯಾನು? 1980ರ ದಶಕದ ಆರಂಭದಲ್ಲಿ ಸುಮಾರು 3 ಕೋಟಿಯಿದ್ದ ಬ್ರಿಟನ್ನಿನ ಕುರಿಗಳ ಸಂಖ್ಯೆ 1990ರ ದಶಕದಲ್ಲಿ 4 ಕೋಟಿಯನ್ನು ದಾಟಿತು. ಗುಡ್ಡದ ಹೆದರ್ ಪೊದೆಗಳು ಬುಡಮಟ್ಟ ತಿನ್ನಲ್ಪಟ್ಟವು. ನೆಲದ ಮೇಲೆಯೇ ಗೂಡು ಕಟ್ಟುವ ಕರ್ಲ್ಯೂವಿನಂಥ ಹಕ್ಕಿಗಳಿಗೆ ಮರೆ ಇಲ್ಲದಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನ ಹೂಬಿಡುವ ಹುಲ್ಲುಗಾವಲುಗಳಲ್ಲಿ ಶೇಕಡ 97ರಷ್ಟು 1930ರ ದಶಕದಿಂದೀಚೆಗೆ ಇಲ್ಲವಾಗಿವೆ.

ಈಗ ಹೇಳಿರಿ, ಅಪರಾಧಿ ಯಾರು? ಚರಂಡಿ ತೋಡಿದ ರೈತನೋ, ತೋಡು ಎಂದು ಹಣ ಕೊಟ್ಟವರೋ, ಅಗ್ಗದ ಮಾಂಸ ಬೇಕೆಂದ ಪಟ್ಟಣದವರೋ? ಇಂದು ಅದೇ ಸರಕಾರದ ಹಣದಿಂದ ಅದೇ ಚರಂಡಿಗಳಿಗೆ ಒಡ್ಡು ಹಾಕಿ ಮುಚ್ಚಲಾಗುತ್ತಿದೆ. ತಂದೆಗೆ ತೋಡಲು ಕೊಟ್ಟರು, ಮಗನಿಗೆ ಮುಚ್ಚಲು ಕೊಡುತ್ತಿದ್ದಾರೆ. ನಗು ಬರುವ ಸಂಗತಿಯೇ ಸರಿ. ಆದರೆ ಆ ಮಗನ ಮುಂದೆ ನಿಂತು 'ನೆಲವನ್ನು ಕಾಯುವುದು ನಿನ್ನ ಕರ್ತವ್ಯ, ಪುಕ್ಕಟೆ ಮಾಡು' ಎಂದು ಉಪದೇಶಿಸುವ ಧೈರ್ಯ ನನಗಿಲ್ಲ.

ಇನ್ನೊಂದು ವಿಷಯವೂ ಇದೆ. 2015ರ ಡಿಸೆಂಬರ್‌ನಲ್ಲಿ ಡೆಸ್ಮಂಡ್ ಚಂಡಮಾರುತ ಬಂದಾಗ ಕಂಬ್ರಿಯಾದ ಹೊನಿಸ್ಟರ್‌ನಲ್ಲಿ 24 ಗಂಟೆಗಳಲ್ಲಿ 341 ಮಿಲಿಮೀಟರ್ ಮಳೆ ಸುರಿಯಿತು. ಬ್ರಿಟನ್ನಿನಲ್ಲಿ ಅದೊಂದು ದಾಖಲೆ. ನೀರು ನುಗ್ಗಿದ್ದು ಕೆಳಗಿನ ಪಟ್ಟಣಗಳಿಗೆ, ಕಾರ್ಲೈಲ್‌ನ ಮನೆಗಳಿಗೆ. ಅಷ್ಟು ಮಳೆಯನ್ನು ಯಾವ ಪಾಚಿಯೂ ಪೂರ್ತಿ ತಡೆಯಲಾರದು, ನಿಜ. ಆದರೂ ಮೇಲಿನ ನೆಲ ಒರಟಾಗಿ, ಒದ್ದೆಯಾಗಿ, ಗಿಡ ತುಂಬಿ ಇದ್ದರೆ ನೀರು ನಿಧಾನವಾಗಿ ಇಳಿಯುತ್ತದೆ. ಕುರಿ ಕಡಿಮೆ ಮಾಡಿದ ನಷ್ಟ ಮೇಲಿನವನಿಗೆ, ಒಣಗಿದ ನೆಲದಲ್ಲಿ ನಿದ್ರಿಸುವ ಲಾಭ ಕೆಳಗಿನವನಿಗೆ. ಹೀಗಿರುವಾಗ ಅವನಿಗೆ ಕೊಡುವುದು ಕೆಡಿಸದಿರುವುದರ ಕೂಲಿಯಲ್ಲ, ಅವನು ಬಿಟ್ಟುಕೊಟ್ಟದ್ದರ ಬೆಲೆ. ಬಾವಿಗೆ ಕಸ ಹಾಕದವನ ಉದಾಹರಣೆ ಇಲ್ಲಿ ಸಲ್ಲುವುದಿಲ್ಲ. ಇವನು ತನ್ನ ಬಾವಿಯ ನೀರನ್ನೇ ಊರಿಗೆ ಕೊಡುತ್ತಿದ್ದಾನೆ.

ಕರ್ತವ್ಯಕ್ಕೆ ಪ್ರತಿಫಲ ತೆಗೆದುಕೊಂಡರೆ ಸಂಕಲ್ಪ ಕೆಡುವುದಿಲ್ಲವೇ ಎಂದು ನೀವು ಕೇಳಬಹುದು. ಹಝ್ರತ್ ಅಬೂಬಕರ್(ರ) ಖಲೀಫಾ ಆದ ಮೇಲೂ ಬಟ್ಟೆಯ ಗಂಟು ಹೊತ್ತು ಪೇಟೆಗೆ ಹೊರಟಿದ್ದರು. ಸಹಾಬಿಗಳು ಅವರನ್ನು ತಡೆದು ಬೈತುಲ್‌ಮಾಲ್‌ನಿಂದ ಭತ್ಯೆ ನಿಗದಿಪಡಿಸಿದರು. ಭತ್ಯೆ ಪಡೆದುದರಿಂದ ಅವರ ಸೇವೆ ವ್ಯಾಪಾರವಾಗಲಿಲ್ಲ. ಹಸಿದವನಿಂದ ಶುದ್ಧ ಸಂಕಲ್ಪವನ್ನು ಬೇಡುವುದು ಹೊಟ್ಟೆ ತುಂಬಿದವರ ಧರ್ಮನಿಷ್ಠೆ. ಬೆಟ್ಟದ ಎಷ್ಟೋ ರೈತರಿಗೆ ಕುರಿ ಮಾರಾಟದಿಂದ ಖರ್ಚೂ ಹುಟ್ಟುವುದಿಲ್ಲ ಎಂಬುದನ್ನು ಮರೆಯಬಾರದು.

ಹಾಗೆಂದು ಹಣವೊಂದೇ ಸಾಲದು. 1987ರಲ್ಲಿ ಪೆನ್ನೈನ್ ಕಣಿವೆಗಳನ್ನು ಸೂಕ್ಷ್ಮ ಪ್ರದೇಶವೆಂದು ಘೋಷಿಸಿ, ಹುಲ್ಲುಗದ್ದೆಗಳನ್ನು ಹೂವಿನ ಬೀಜ ಉದುರುವವರೆಗೆ ಕೊಯ್ಯದಿರುವ ರೈತರಿಗೆ ಹಣ ಕೊಡಲಾರಂಭಿಸಿದರು. ನಿಯಮವೇನೋ ಒಳ್ಳೆಯದೇ. ಆದರೆ ತಾರೀಖು ನೋಡಿ ಕೊಯ್ಯುವವನು ಹೂವನ್ನು ನೋಡಬೇಕಾಗಿಲ್ಲ. 2016ರಲ್ಲಿ ಯಾರ್ಕ್‌ಷೈರ್‌ನ ವೆನ್ಸ್ಲಿಡೇಲ್ ಕಣಿವೆಯಲ್ಲಿ ಬೇರೊಂದು ಪ್ರಯೋಗ ನಡೆಯಿತು. ಅಲ್ಲಿ ತಾರೀಖಿಗಲ್ಲ, ಫಲಕ್ಕೆ ಹಣ. ಗದ್ದೆಯಲ್ಲಿ ಯಾವ ಯಾವ ಹೂಗಳಿವೆಯೆಂಬುದರ ಮೇಲೆ ಅಂಕ, ಅಂಕದ ಮೇಲೆ ಹಣ. ಹೂ ಗುರುತಿಸುವುದನ್ನು ಸಲಹೆಗಾರರು ರೈತರಿಗೆ ಕಲಿಸಿದರು, ಎಣಿಸುವವನು ರೈತನೇ. ತನ್ನ ಗದ್ದೆಯ ಅಂಕವನ್ನು ತಾನೇ ಬರೆಯುವ ರೈತ! ಒಂದು ಹೂ ಹೆಚ್ಚು ಬರೆದರೆ ಹೆಚ್ಚು ಹಣ. ಒಬ್ಬನನ್ನು ಪ್ರಾಮಾಣಿಕನನ್ನಾಗಿ ಮಾಡಲು ಅವನನ್ನು ನಂಬುವುದಕ್ಕಿಂತ ಹತ್ತಿರದ ದಾರಿ ನನಗೆ ತೋರುವುದಿಲ್ಲ. 2021ರಲ್ಲಿ ರಾಷ್ಟ್ರೀಯ ಉದ್ಯಾನ ಮುಂತಾದ ಸಂರಕ್ಷಿತ ಪ್ರದೇಶಗಳಲ್ಲಿ ಆರಂಭಿಸಿದ ಯೋಜನೆಯಲ್ಲೂ ಸಲಹೆಗಾರನು ರೈತನೊಂದಿಗೆ ಕುಳಿತು ಮಾತಾಡುತ್ತಾನೆ, ಅರ್ಜಿಗಳನ್ನು ಸ್ಥಳೀಯ ಸಮಿತಿ ನೋಡುತ್ತದೆ. ಮನೆಬಾಗಿಲಿಗೆ ಬಂದು ಚಹಾ ಕುಡಿದು ನೆಲ ತುಳಿದು ನೋಡಿದವನ ಸಲಹೆಗೂ ಅಂಚೆಯಲ್ಲಿ ಬಂದ ನಿಯಮಪಟ್ಟಿಗೂ ಇರುವ ಅಂತರ ನಿಮಗೆ ಗೊತ್ತೇ ಇದೆ.

ನನ್ನ ತಕರಾರು ಇರುವುದು ಬೇರೆಡೆ. ಈ ಹಣ ಯಾರಿಗೆ ಮೊದಲು ಸಿಗಬೇಕು?

ಮೇವಿನ ನೆಲವನ್ನು ಕಾಯ್ದಿರಿಸುವ ವಿಚಾರ ಇಸ್ಲಾಮೀ ಇತಿಹಾಸಕ್ಕೆ ಹೊಸತಲ್ಲ. ಅದಕ್ಕೆ 'ಹಿಮಾ' ಎಂದು ಹೆಸರು. ಇಸ್ಲಾಮಿಗೆ ಮುಂಚೆ ಅರಬ್ ಮುಖಂಡರು ಒಳ್ಳೆಯ ಹುಲ್ಲುಗಾವಲನ್ನು ತಮಗಾಗಿಯೇ ಕಾದಿರಿಸಿಕೊಳ್ಳುತ್ತಿದ್ದರು. ಪ್ರವಾದಿ(ಸ)ಯವರು ಆ ಖಾಸಗಿ ಹಕ್ಕನ್ನು ರದ್ದುಪಡಿಸಿ, ಹಿಮಾ ಇದ್ದರೆ ಅದು ಸಾರ್ವಜನಿಕ ಹಿತಕ್ಕಾಗಿ ಮಾತ್ರ ಎಂದು ಮಾಡಿದರು. ಹಝ್ರತ್ ಉಮರ್(ರ) ತಮ್ಮ ಕಾಲದಲ್ಲಿ ಹಿಮಾದ ಕಾವಲಿಗೆ ಹುನಯ್ಯ್ ಎಂಬವರನ್ನು ನೇಮಿಸಿದಾಗ ಕೊಟ್ಟ ಆಜ್ಞೆ ಗಮನಾರ್ಹ. ನಾಲ್ಕಾರು ಒಂಟೆ, ನಾಲ್ಕಾರು ಕುರಿ ಇರುವವನನ್ನು ಒಳಗೆ ಬಿಡು. ಉಸ್ಮಾನ್(ರ) ಮತ್ತು ಅಬ್ದುರ್‍ರಹ್ಮಾನ್ ಬಿನ್ ಔಫ್(ರ)ರ ಹಿಂಡುಗಳನ್ನು ಬಿಡಬೇಡ ಎಂಬುದು ಅದರ ಸಾರ. ಅವರಿಬ್ಬರು ಸಾಮಾನ್ಯರಲ್ಲ, ಅತ್ಯಂತ ಗೌರವಾನ್ವಿತ ಸಹಾಬಿಗಳು. ಆದರೆ ಹಿಂಡು ಸತ್ತರೂ ಅವರಿಗೆ ತೋಟವಿದೆ, ಹೊಲವಿದೆ. ಬಡವನ ಹಿಂಡು ಸತ್ತರೆ ಅವನು ಮಕ್ಕಳೊಂದಿಗೆ ಬಂದು ಖಲೀಫರ ಬಾಗಿಲಲ್ಲಿ ನಿಲ್ಲುತ್ತಾನೆ.

ಈ ಅಳತೆಗೋಲನ್ನು ಹಿಡಿದು ನೋಡಿ. ತಲೆಯೆಣಿಕೆಯನ್ನು ಬಿಟ್ಟು ಎಕರೆ ಲೆಕ್ಕಕ್ಕೆ ಬಂದಾಗ ಹೆಚ್ಚು ನೆಲವಿದ್ದವನಿಗೆ ಹೆಚ್ಚು ಹಣ ಹೋಯಿತು. ದೊಡ್ಡ ಒಡೆಯನಿಗೆ ಅರ್ಜಿ ತುಂಬಲು ಗುಮಾಸ್ತನಿದ್ದಾನೆ. ಇಳಿವಯಸ್ಸಿನ ಗೇಣಿದಾರ ರಾತ್ರಿ ಮರಿ ಹಾಕುವ ಕುರಿಗಳನ್ನು ನೋಡಿಕೊಂಡು ಬಂದು ನಮೂನೆಗಳ ಮುಂದೆ ಕೂರಬೇಕು. ಅಲ್ಪಾವಧಿಯ ಗೇಣಿಯವನು ಹತ್ತು ವರ್ಷದ ಒಪ್ಪಂದಕ್ಕೆ ಹೇಗೆ ಸಹಿ ಹಾಕಿಯಾನು? ಗೇಣಿದಾರರ ಇಂಥ ಸಂಕಷ್ಟವನ್ನು 2022ರಲ್ಲಿ ಬ್ಯಾರನೆಸ್ ರಾಕ್ ಅವರ ವರದಿಯು ಸರಕಾರದ ಮುಂದಿಟ್ಟಿತು. ಕೆಲವು ನಿಯಮಗಳು ಸಡಿಲಗೊಂಡವು.

ಅಮಾನತ್ತು ರೈತನ ಕಡೆಯಿಂದ ಮಾತ್ರವಲ್ಲ. ಯುರೋಪಿಯನ್ ಒಕ್ಕೂಟದಿಂದ ಹೊರಬಂದ ಮೇಲೆ ಇಂಗ್ಲೆಂಡಿನಲ್ಲಿ 2020ರ ಕೃಷಿ ಕಾಯ್ದೆಯಡಿ ಹಳೆಯ ಎಕರೆವಾರು ಹಣವನ್ನು ಹಂತಹಂತವಾಗಿ ನಿಲ್ಲಿಸಿ, ಸಾರ್ವಜನಿಕ ಹಿತದ ಕೆಲಸಕ್ಕೆ ಮಾತ್ರ ಸಾರ್ವಜನಿಕ ಹಣ ಎಂದು ಹೇಳಲಾಯಿತು. ಮಾತು ನ್ಯಾಯವಾದದ್ದೇ. ಹಳೆಯದು ಇಳಿಯುತ್ತ ಬಂತು. ಹೊಸದರಲ್ಲಿ ಮುಖ್ಯವಾದ ಸುಸ್ಥಿರ ಕೃಷಿ ಯೋಜನೆಯನ್ನು 2025ರ ಮಾರ್ಚ್ 11ರಂದು, ಹಣದ ಮಿತಿ ತಲುಪಿತೆಂದು, ಮುನ್ಸೂಚನೆಯಿಲ್ಲದೆ ಹೊಸ ಅರ್ಜಿಗಳಿಗೆ ಮುಚ್ಚಿಬಿಟ್ಟರು. ಬೇಗ ಅರ್ಜಿ ಹಾಕಿದವರು ಒಳಗೆ, ಸಲಹೆಗಾಗಿ ಕಾದು ಕುಳಿತವರು ಹೊರಗೆ.

ಬೆಟ್ಟದಲ್ಲಿ ಟಗರನ್ನು ಹಿಂಡಿಗೆ ಬಿಡುವುದು ನವೆಂಬರ್‌ನಲ್ಲಿ, ಮರಿ ಹುಟ್ಟುವುದು ಏಪ್ರಿಲ್‌ನಲ್ಲಿ. ಎಷ್ಟು ಕುರಿಗಳನ್ನು ಉಳಿಸಿಕೊಳ್ಳಬೇಕು, ಎಷ್ಟನ್ನು ಮಾರಬೇಕೆಂದು ಅವನು ಶರತ್ಕಾಲದಲ್ಲಿಯೇ ತೀರ್ಮಾನಿಸಿರುತ್ತಾನೆ. ಯೋಜನೆಯನ್ನು ನಂಬಿ ಹಿಂಡನ್ನು ಕಡಿಮೆ ಮಾಡಿದವನಿಗೆ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿತೆಂಬ ಸುದ್ದಿ ಬಂದರೆ, ಮಾರಿದ ಕುರಿಗಳೊಂದಿಗೆ ಹೋದ ಎಲ್ಲೆಯ ತಿಳುವಳಿಕೆಯನ್ನು ಯಾವ ಕಚೇರಿಯೂ ಮರಳಿ ತಂದುಕೊಡುವುದಿಲ್ಲ.