ನೋಟದ ಋಣ

ನಮ್ಮ ಮನೆಯ ಹಜಾರದ ಗೋಡೆಯ ಮೇಲೆ ಒಂದು ಚಿತ್ರವಿತ್ತು. ಗಿಡುಗವೊಂದು ಗೂಡಿನ ಅಂಚಿನಲ್ಲಿ ನಿಂತು, ಕೊಕ್ಕಿನಲ್ಲಿ ಓತಿಕ್ಯಾತದ ತುಣುಕು ಹಿಡಿದು, ಮೂರು ಮರಿಗಳ ಕಡೆಗೆ ಬಗ್ಗಿರುವ ಚಿತ್ರ. ತೆಗೆದವನು ನಾನೇ. ಮನೆಗೆ ಬಂದವರೆಲ್ಲ ಅದರ ಮುಂದೆ ಒಂದು ಗಳಿಗೆ ನಿಂತು, "ಎಷ್ಟು ಜೀವಂತವಾಗಿದೆ!" ಎನ್ನುತ್ತಿದ್ದರು. ಆ ಮಾತು ಬಂದಾಗಲೆಲ್ಲ ನಾನು ಕಾಫಿ ತರುವ ನೆಪ ಮಾಡಿಕೊಂಡು ಒಳಗೆ ಹೋಗಿಬಿಡುತ್ತಿದ್ದೆ. ಏಕೆಂಬುದನ್ನು ಬಹುಕಾಲ ಯಾರಿಗೂ ಹೇಳಿರಲಿಲ್ಲ. ಈಗ ಒಬ್ಬ ಹುಡುಗನಿಗೆ ಹೇಳಬೇಕಾಗಿ ಬಂತು. ಅವನಿಗೆ ಹೇಳಿದ ಮೇಲೆ ಓದುಗರಿಂದ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ನಾನು ಮೇಷ್ಟರ ಕೆಲಸದಿಂದ ನಿವೃತ್ತನಾದವನು. ಮನೆ ಮೈಸೂರಿನಲ್ಲಿ, ಕುಕ್ಕರಹಳ್ಳಿ ಕೆರೆಗೆ ಅಷ್ಟೇನೂ ದೂರವಲ್ಲದ ಒಂದು ಬೀದಿಯಲ್ಲಿ. ಅಪ್ಪನಿಗೆ ಹೊತ್ತು ಹೋಗುವುದಿಲ್ಲವೆಂದು ಮಗ ಒಂದು ಕ್ಯಾಮೆರಾ ತಂದುಕೊಟ್ಟ. ಮೊಳದುದ್ದದ ಲೆನ್ಸು ಬೇರೆ. ಮುದುಕನ ಕೈಗೆ ಆಟಿಕೆ ಸಿಕ್ಕರೆ ಕೇಳಬೇಕೆ? ಬೆಳಗಾದರೆ ತಾರಸಿ, ಸಂಜೆಯಾದರೆ ಕೆರೆಯ ಏರಿ. ಬೇಟೆಯ ಹಕ್ಕಿಗಳೆಂದರೆ ಕಾಡಿನಲ್ಲೋ ಬೆಟ್ಟದ ನೆತ್ತಿಯಲ್ಲೋ ಇರುವಂಥವು ಎಂದು ನಾನು ತಿಳಿದಿದ್ದೆ. ನೋಡತೊಡಗಿದ ಮೇಲೆ ತಿಳಿಯಿತು, ಅವು ನಮ್ಮ ನೆರೆಹೊರೆಯವು. ಮಾಂಸದಂಗಡಿಯ ಮೇಲೆ ಹದ್ದು ಸುತ್ತುತ್ತದೆ. ಕೆರೆಯ ಮೇಲೆ ಗರುಡ ತೇಲುತ್ತದೆ. ಹಿತ್ತಲಿನ ಮಾವಿನ ಮರದಲ್ಲಿ ಗಿಡುಗ ಕುಳಿತು ಕಾಯುತ್ತದೆ.

ನಾನು ಹೇಳುತ್ತಿರುವುದು ಶಿಕ್ರಾ ಎಂದು ಕರೆಯುವ ಸಣ್ಣ ಗಿಡುಗದ ಮಾತು. ಹೆಸರಿನಲ್ಲೇ ಶಿಕಾರಿ ಇದೆ. ಗಾತ್ರದಲ್ಲಿ ಪಾರಿವಾಳದಷ್ಟು, ಬೂದು ಬೆನ್ನು, ಎದೆಯ ಮೇಲೆ ಕಂದುಗೆಂಪಿನ ಸಣ್ಣ ಸಣ್ಣ ಅಡ್ಡಗೆರೆ. ಗಂಡಿನ ಕಣ್ಣು ಕೆಂಡದಂತೆ ಕೆಂಪು, ಹೆಣ್ಣಿನದು ಅರಿಸಿನದ ಕಡೆಗೆ. ಹಲ್ಲಿ, ಓತಿಕ್ಯಾತ, ಇಲಿ, ಅಳಿಲು, ಸಣ್ಣ ಹಕ್ಕಿ, ಇವು ಅದರ ಆಹಾರ. ಅದು ಮರದಲ್ಲಿ ಅಲುಗಾಡದೆ ಕುಳಿತರೆ ಅಲ್ಲಿ ಹಕ್ಕಿಯೊಂದಿದೆ ಎಂದು ನಮಗೆ ತಿಳಿಯುವುದಿಲ್ಲ. ಅಳಿಲಿಗೆ ತಿಳಿಯುತ್ತದೆ. ಅದರ ಎರಡು ಸ್ವರದ ಕೂಗನ್ನು ಕಾಜಾಣ ಥೇಟು ಅನುಕರಿಸುತ್ತದೆ. ಎಷ್ಟೋ ಸಲ ನಾನು ಗಿಡುಗವೆಂದು ಓಡಿಹೋಗಿ ಕಾಜಾಣವನ್ನು ನೋಡಿ ಬೆಪ್ಪಾಗಿದ್ದೇನೆ.

ಕೆಲವು ವರ್ಷಗಳ ಹಿಂದೆ, ಒಂದು ಮಾರ್ಚ್ ತಿಂಗಳಲ್ಲಿ, ಆ ಮಾವಿನ ಮರದಲ್ಲೇ ಒಂದು ಜೋಡಿ ಕಡ್ಡಿ ಸೇರಿಸಿ ಗೂಡು ಕಟ್ಟಿತು. ಹೆಣ್ಣು ಕಾವಿಗೆ ಕುಳಿತಿತು. ಗಂಡು ಬೇಟೆಯಾಡಿ ತಂದು ಕೊಡುತ್ತಿತ್ತು. ಮೂರು ವಾರ ಕಳೆದು ಗೂಡಿನಲ್ಲಿ ಬೆಳ್ಳನೆಯ ತುಪ್ಪಳದ ಮೂರು ತಲೆಗಳು ಕಂಡವು. ನನ್ನ ಸಂಭ್ರಮ ಹೇಳತೀರದು. ಆದರೆ ಒಂದು ಅಡ್ಡಿ. ಗೂಡಿಗೂ ತಾರಸಿಗೂ ನಡುವೆ ಒಂದು ದಟ್ಟ ಎಲೆಯ ಕೊಂಬೆ. ಯಾವ ಚಿತ್ರ ತೆಗೆದರೂ ಅರ್ಧ ಹಕ್ಕಿ, ಅರ್ಧ ಎಲೆ.

ಒಂದು ದಿನ ಬೆಳಿಗ್ಗೆ ಮಾವಿನಕಾಯಿ ಕೀಳುವ ದೋಟಿ ತಂದೆ. ಕೊಂಬೆಯನ್ನು ಮೆಲ್ಲನೆ ಎಳೆದು, ಬಟ್ಟೆ ಒಣಹಾಕುವ ಹಗ್ಗದಿಂದ ತಾರಸಿಯ ಕಂಬಿಗೆ ಕಟ್ಟಿದೆ. ಗೂಡು ಕನ್ನಡಿಯಂತೆ ಕಂಡಿತು. ತಾಯಿ ಹಾರಿಹೋಗಿ ಎದುರಿನ ತೆಂಗಿನ ಮರದಲ್ಲಿ ಕುಳಿತು ಕೂಗುತ್ತಲೇ ಇತ್ತು. ಅರ್ಧ ಗಂಟೆಯ ಮೇಲೆ ಬಂತು. ಚಿತ್ರ ಸಿಕ್ಕಿತು. ಮನೆಯಾಕೆ ಮೇಲೆ ಬಟ್ಟೆ ಒಣಹಾಕಲು ಬಂದವಳು, ಹಗ್ಗವಿಲ್ಲದ್ದನ್ನು ಕಂಡು, ಆಮೇಲೆ ಹಗ್ಗ ಎಲ್ಲಿದೆ ಎಂಬುದನ್ನೂ ಕಂಡು, "ಇದೇನೂಂದ್ರೆ, ಬಾಣಂತಿ ಕೋಣೆ ಬಾಗಿಲು ತೆಗೆದಿಟ್ಟ ಹಾಗಾಯ್ತಲ್ಲ!" ಎಂದಳು. "ನಾಳೆ ಬಿಚ್ಚುತ್ತೇನೆ, ಸುಮ್ಮನಿರು" ಎಂದೆ. ನಾಳೆ ಇನ್ನೂ ಒಳ್ಳೆಯ ಬೆಳಕು ಬರಬಹುದಲ್ಲ! ಹೀಗೆ ಮೂರು ದಿನ ಕೊಂಬೆ ಕಟ್ಟೇ ಇತ್ತು. ಏಪ್ರಿಲ್ ತಿಂಗಳ ಬಿಸಿಲು. ನಾನು ತಾರಸಿಯ ಮೇಲಿರುವಷ್ಟು ಹೊತ್ತೂ ತಾಯಿ ಗೂಡಿಗೆ ಬರಲು ಹಿಂದೆಮುಂದೆ ನೋಡುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಮರದ ತುಂಬ ಕಾಗೆಗಳ ಗದ್ದಲ. ನಾನು ಮೇಲೆ ಹೋಗುವ ಹೊತ್ತಿಗೆ ಗೂಡಿನಲ್ಲಿ ಉಳಿದಿದ್ದುದು ಒಂದೇ ಮರಿ. ಆಗ ಹಗ್ಗ ಬಿಚ್ಚಿದೆ. ಕೊಂಬೆ ತನ್ನ ಜಾಗಕ್ಕೆ ಹೋಗಿ ನಿಂತಿತು. ಆ ಒಂದು ಮರಿ ಬದುಕಿ ಹಾರಿಹೋಯಿತು ಎಂಬುದಷ್ಟೇ ಸಮಾಧಾನ.

ತಪ್ಪು ಮಾಡಿದವನ ಮನಸ್ಸಿನಲ್ಲಿ ಒಬ್ಬ ಒಳ್ಳೆಯ ವಕೀಲನಿರುತ್ತಾನೆ. ನನ್ನವನು ತಡಮಾಡದೆ ಎದ್ದು ನಿಂತ. ಕೊಂಬೆ ಕಟ್ಟದಿದ್ದರೂ ಕಾಗೆಗಳು ಬರಬಹುದಾಗಿತ್ತು ಎಂದ. ನಿಜ. ಆ ಮರಿಗಳು ಬಿಸಿಲಿಗೆ ಸತ್ತವೋ ಕಾಗೆಗೆ ಸಿಕ್ಕಿ ಸತ್ತವೋ ನೀನು ಕಂಡಿಲ್ಲ ಎಂದ. ಅದೂ ನಿಜ. ಆ ತಾಯಿ ಗಿಡುಗವೇ ಎಷ್ಟು ಪಿಕಳಾರದ ಮರಿಗಳನ್ನು ತಿಂದಿಲ್ಲ, ಅದರ ಮರಿಗಾಗಿ ನೀನೇಕೆ ಮರುಗಬೇಕು ಎಂದ. ಈ ಕೊನೆಯ ವಾದ ನನ್ನನ್ನು ಬಹುಕಾಲ ಕಟ್ಟಿಹಾಕಿತ್ತು. ಬಿಡಿಸಿದ್ದು ಶಿಬಿ ಚಕ್ರವರ್ತಿಯ ಕಥೆ.

ಮಹಾಭಾರತದ ಆ ಕಥೆಯನ್ನು ನಾವು ಪಾರಿವಾಳದ ಕಥೆ ಎಂದು ಹೇಳುತ್ತೇವೆ. ಗಿಡುಗದ ಮಾತನ್ನು ಮರೆಯುತ್ತೇವೆ. ಅದರ ವಾದವೇನೂ ಹುರುಳಿಲ್ಲದ್ದಲ್ಲ: ಇದು ನನಗೆ ವಿಧಿ ಕೊಟ್ಟ ಆಹಾರ, ಇದಿಲ್ಲದಿದ್ದರೆ ನಾನೂ ನನ್ನ ಹೆಂಡತಿ ಮಕ್ಕಳೂ ಸಾಯಬೇಕು, ಒಂದು ಜೀವವನ್ನು ಉಳಿಸಲು ಹಲವು ಜೀವ ತೆಗೆಯುವ ನಿನ್ನ ಧರ್ಮ ಯಾವ ಧರ್ಮ? ಶಿಬಿ ಗಿಡುಗವನ್ನು ಪಾಪಿಯೆನ್ನಲಿಲ್ಲ. ಹಸಿವು ನಿಜವೆಂದು ಒಪ್ಪಿ, ತಕ್ಕಡಿ ತರಿಸಿ, ತನ್ನ ತೊಡೆಯನ್ನೇ ಕೊಯ್ದು ಇಟ್ಟ. ತನ್ನ ಕರುಣೆಯ ಬೆಲೆಯನ್ನು ತಾನೇ ತೆತ್ತ. ಆ ಕಥೆಯ ತಿರುಳು ಅದೇ ಎಂದು ನನಗೆ ತೋರುತ್ತದೆ. ಗಿಡುಗ ಪಿಕಳಾರದ ಮರಿಯನ್ನು ಒಯ್ಯುವುದು ಹಸಿವಿನಿಂದ. ನನಗೆ ಯಾವ ಹಸಿವಿತ್ತು? ನನ್ನ ಸಂತೋಷವನ್ನು ನಾನು ತಕ್ಕಡಿಯ ಒಂದು ಕಡೆ ಇಟ್ಟೆ. ಇನ್ನೊಂದು ಕಡೆಗೆ ಇಟ್ಟದ್ದು ನನ್ನ ತೊಡೆಯಲ್ಲ, ಬೇರೆಯವರ ಮರಿ.

ನಮ್ಮ ಮಾತನ್ನೇ ಸ್ವಲ್ಪ ನೋಡಿ. ಚಿತ್ರ ತೆಗೆಯುತ್ತೇವೆ ಎನ್ನುತ್ತೇವೆ. ಹಿಂದಿನವರು ಫೋಟೋ ಹಿಡಿಸುತ್ತಿದ್ದರು. ಈಗಿನ ಹುಡುಗರು ಫೋಟೋ ಹೊಡೆಯುತ್ತಾರೆ. ತೆಗೆ, ಹಿಡಿ, ಹೊಡೆ: ಮೂರೂ ಬೇಟೆಗಾರನ ಮಾತುಗಳು. ಕಾನೂನು ಇದನ್ನು ಮಾತಿನ ಚಮತ್ಕಾರವೆಂದು ಬಿಟ್ಟಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ 'ಬೇಟೆ' ಎಂಬುದಕ್ಕೆ ಅರ್ಥ ಹೇಳುವಾಗ, ಕಾಡುಹಕ್ಕಿಗಳ ಮೊಟ್ಟೆಗೂ ಗೂಡಿಗೂ ತೊಂದರೆ ಕೊಡುವುದನ್ನು ಆ ಅರ್ಥದೊಳಗೇ ಸೇರಿಸಿದೆ. ನಮ್ಮ ನಾಡಿನಲ್ಲಿ ಈ ಹಕ್ಕಿಯ ಮೇಲಿನ ಆಸೆ ಹೊಸದೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ರಾಜರ ವಿನೋದಗಳ ನಡುವೆ ಶ್ಯೇನವಿನೋದವೂ ಇದೆ: ಗಿಡುಗವನ್ನು ಪಳಗಿಸಿ ಬೇಟೆಗೆ ಬಿಡುವ ಆಟ. ದೊರೆ ಅದನ್ನು ವಿನೋದವೆಂದೇ ಕರೆದ. ಬೇರೆ ಹೆಸರು ಕೊಡಲಿಲ್ಲ. ನಾನು ನನ್ನ ವಿನೋದಕ್ಕೆ ಪ್ರಕೃತಿಪ್ರೇಮವೆಂದು ಹೆಸರಿಟ್ಟಿದ್ದೆ.

ಹಾಗಾದರೆ ನೋಡಲೇಬಾರದೆ? ಕಣ್ಣು ಮುಚ್ಚಿಕೊಂಡು ಕೂರುವುದೇ ಅಹಿಂಸೆಯೆ? ಅದನ್ನೂ ಒಪ್ಪಲಾರೆ. ಸಲೀಂ ಅಲಿಯವರು ಹಕ್ಕಿಗಳ ಲೋಕಕ್ಕೆ ಬಂದದ್ದು ಬಾಲ್ಯದಲ್ಲಿ ತಾವೇ ಹೊಡೆದು ಕೆಡವಿದ ಒಂದು ಗುಬ್ಬಿಯ ಮೂಲಕ. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಯಾವ ಹಕ್ಕಿಯೆಂದು ಕೇಳಲು ಹೋದ ಹುಡುಗ ಬಾಳೆಲ್ಲ ಹಕ್ಕಿಗಳಿಗಾಗಿ ದುಡಿದ. 1985ರಲ್ಲಿ ಬಂದ ತಮ್ಮ ಆತ್ಮಕಥೆಗೆ ಅವರು ಆ ಗುಬ್ಬಿಯ ಹೆಸರನ್ನೇ ಇಟ್ಟರು. ರಣಹದ್ದುಗಳ ಕಥೆಯನ್ನು ನೋಡಿ. ಭರತಪುರದ ಕೇವಲಾದೇವ ಉದ್ಯಾನದಲ್ಲಿ ವಿಭು ಪ್ರಕಾಶ್ ಎಂಬ ವಿಜ್ಞಾನಿ 1980ರ ದಶಕದಲ್ಲೊಮ್ಮೆ, 1990ರ ದಶಕದಲ್ಲೊಮ್ಮೆ ಕುಳಿತು ಎಣಿಸಿದ್ದರಿಂದಲ್ಲವೆ ಅವು ಕಣ್ಮರೆಯಾಗುತ್ತಿರುವುದು ಲೋಕಕ್ಕೆ ತಿಳಿದದ್ದು? ದನಗಳಿಗೆ ನೋವು ಕಳೆಯಲು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿ ಸತ್ತ ದನದ ಮಾಂಸದ ಮೂಲಕ ಹದ್ದುಗಳನ್ನು ಕೊಲ್ಲುತ್ತಿದೆಯೆಂದು 2004ರಲ್ಲಿ ಗೊತ್ತಾಯಿತು. 2006ರಲ್ಲಿ ಭಾರತ ಸರಕಾರ ದನಗಳ ಆ ಔಷಧಿಯ ತಯಾರಿಕೆಯನ್ನು ನಿಷೇಧಿಸಿತು. ನಮ್ಮ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ನೋಡುವವರು ಇಲ್ಲದಿದ್ದರೆ ಅಳುವವರೂ ಇರುತ್ತಿರಲಿಲ್ಲ, ಉಳಿಸುವವರೂ ಇರುತ್ತಿರಲಿಲ್ಲ.

ಆದ್ದರಿಂದ ನೋಟ ಪಾಪವಲ್ಲ. ಅದು ಸಾಲ. ಸಾಲ ಮಾಡುವುದು ತಪ್ಪಲ್ಲ. ತೀರಿಸುವ ಹೊಣೆಯನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ತಪ್ಪು. ಎಣಿಸಿದವನು ತನ್ನ ದಿನಗಳನ್ನು ತೆತ್ತು ನೋಡಿದ. ನಾನು ಗೂಡಿನ ನೆರಳನ್ನು ತೆತ್ತು ನೋಡಿದೆ. ಎಷ್ಟು ಹತ್ತಿರ ಹೋಗಬಹುದು ಎಂದು ಕೇಳಿದರೆ ಅಡಿ ಗಜಗಳಲ್ಲಿ ಹೇಳಲಾರೆ. ಹಕ್ಕಿಯೇ ಹೇಳುತ್ತದೆ. ಅದು ತನ್ನ ಕೆಲಸದಲ್ಲಿ ತಾನಿದ್ದರೆ ನಾನು ಅತಿಥಿ. ಕೆಲಸ ಬಿಟ್ಟು ನನ್ನನ್ನೇ ನೋಡತೊಡಗಿದರೆ ನಾನು ಕಳ್ಳ. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ, ಎದುರಾಳಿ ಬಂದನೆಂದು ಅದನ್ನು ಗಾಬರಿಪಡಿಸಿ ಹತ್ತಿರ ಕರೆಸುವವರೂ ಈ ಮಾತನ್ನು ಯೋಚಿಸಬಹುದು. ಇನ್ನು ನನ್ನ ವಕೀಲನ "ನೀನು ಕಂಡಿಲ್ಲ" ಎಂಬ ವಾದ. ನ್ಯಾಯಾಲಯದಲ್ಲಿ ಸಂದೇಹದ ಲಾಭ ಆರೋಪಿಗೆ ಸಲ್ಲಬೇಕು. ಮನಸ್ಸಾಕ್ಷಿಯ ಮುಂದೆ ಅದು ಗೂಡಿಗೆ ಸಲ್ಲಬೇಕು.

ಈ ಮಾರ್ಚ್‌ನಲ್ಲಿ ಒಂದು ಜೋಡಿ ಮತ್ತೆ ಅದೇ ಮಾವಿನ ಮರದಲ್ಲಿ ಕಡ್ಡಿ ಸೇರಿಸತೊಡಗಿತು. ಎದುರು ಮನೆಯ ಹುಡುಗ, ಹನ್ನೊಂದು ವರ್ಷದವನು, ಅಪ್ಪನ ಮೊಬೈಲು ಹಿಡಿದು ಓಡಿಬಂದ. ಗೋಡೆಯ ಚಿತ್ರ ತೋರಿಸಿ, "ತಾತ, ಇದನ್ನ ಹೇಗೆ ತೆಗೆದ್ರಿ? ನನಗೂ ಹೇಳ್ಕೊಡಿ" ಎಂದ. ಬೆಳಕಿನ ವಿಷಯ, ಲೆನ್ಸಿನ ವಿಷಯ ಹೇಳಿ ಕಳಿಸಬಹುದಾಗಿತ್ತು. ಬಾಗಿಲ ಹಿಂದೆ ದೋಟಿ ಕಾಣುತ್ತಿತ್ತು. ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವನು ಚಿತ್ರವನ್ನು ಬಹಳ ಹೊತ್ತು ನೋಡಿದ. "ಹಾಗಾದ್ರೆ ಇದು ಒಳ್ಳೇ ಚಿತ್ರ ಅಲ್ವಾ ತಾತ?" ಎಂದ. "ಚಿತ್ರ ಒಳ್ಳೇದೇ ಕಣೋ. ತೆಗೆದದ್ದು ಒಳ್ಳೇದಲ್ಲ" ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ಎರಡನ್ನೂ ಹಾಗೆ ಬೇರೆಬೇರೆ ಮಾಡಿ ಇಡಬಹುದೆಂದು ನನಗೂ ನಂಬಿಕೆಯಿಲ್ಲ.

ಅಂದೇ ಚಿತ್ರವನ್ನು ಇಳಿಸಿದೆ. ಹರಿಯಲಿಲ್ಲ, ಬೀರುವಿನಲ್ಲಿದೆ. ಸಾಲದ ಪತ್ರವನ್ನು ಹರಿದರೆ ಸಾಲ ತೀರುವುದಿಲ್ಲ. ಈಗ ಹುಡುಗನೂ ನಾನೂ ಅಡಿಗೆಮನೆಯ ಕಿಟಕಿಯಿಂದ ನೋಡುತ್ತೇವೆ. ಗಂಡು ಎಷ್ಟು ಹೊತ್ತಿಗೆ ಬಂತು, ಏನು ತಂತು ಎಂದು ಅವನು ಒಂದು ನೋಟುಪುಸ್ತಕದಲ್ಲಿ ಬರೆಯುತ್ತಾನೆ. ಕಾಣುವುದು ಸ್ವಲ್ಪವೇ, ಒಮ್ಮೆ ಪಟ್ಟೆಯ ಬಾಲ, ಒಮ್ಮೆ ಒಂದು ಹಳದಿ ಕಣ್ಣು. ನಡುವೆ ಆ ಕೊಂಬೆ ಇದ್ದೇ ಇದೆ. ಅದರ ಎಲೆಗಳು ನಮ್ಮ ನೋಟಕ್ಕೆ ಅಡ್ಡಿಯೆಂದು ಅಂದು ತಿಳಿದಿದ್ದೆ. ಅವು ಗಿಡುಗದ ಮನೆಯ ಗೋಡೆ.