ಆಯಾಸವಿಲ್ಲದ ಮನೆ



ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುವವರು ಯಾರು? ಎಲ್ಲರೂ ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದುದನ್ನು ಬಡಿಸಿಕೊಳ್ಳುವವರು ಯಾರು? ಹೆಚ್ಚಿನ ಮನೆಗಳಲ್ಲಿ ಅದು ತಾಯಿ, ಇಲ್ಲವೇ ಅಜ್ಜಿ. ಅವರು ಬದುಕಿರುವಾಗ ನಾವು ಅದನ್ನು ಗಮನಿಸುವುದಿಲ್ಲ. ತೀರಿಕೊಂಡ ಮೇಲೆ ಮನೆ ಬಿಕೋ ಎನ್ನುತ್ತಿದೆ ಎಂದು ಕಣ್ಣೀರಿಡುತ್ತೇವೆ. ಕಣ್ಣೀರು ತಪ್ಪಲ್ಲ. ಆದರೆ ಅಗಲಿದ ಗೃಹಿಣಿಯ ಸ್ಮರಣೆ ಅಷ್ಟಕ್ಕೇ ಮುಗಿಯುವುದೇ? ಉತ್ತರವನ್ನು ಪ್ರವಾದಿವರ್ಯರ(ಸ) ಮನೆಯಲ್ಲೇ ಹುಡುಕೋಣ.

ಹಝ್ರತ್ ಖದೀಜಾ(ರ) ಮಕ್ಕಾದ ಸಿರಿವಂತ ವ್ಯಾಪಾರಿ ಮಹಿಳೆಯಾಗಿದ್ದರು. ಜೊತೆಗೆ, ಸುಮಾರು 25 ವರ್ಷ ಪ್ರವಾದಿವರ್ಯರ(ಸ) ಮನೆಯನ್ನು ಬೆಳಗಿದ ಗೃಹಿಣಿಯೂ ಹೌದು. ಕ್ರಿ.ಶ. 610ರಲ್ಲಿ ಪ್ರಥಮ ದಿವ್ಯವಾಣಿ ಅವತೀರ್ಣವಾದಾಗ, ನಡುಗುತ್ತಾ ಮನೆಗೆ ಬಂದ ಪತಿಗೆ ಹೊದಿಕೆ ಹೊದಿಸಿ ಧೈರ್ಯ ತುಂಬಿದವರು ಅವರೇ.

ಒಮ್ಮೆ ಅವರು ಆಹಾರದ ಪಾತ್ರೆ ಹಿಡಿದು ಪತಿಯ ಬಳಿಗೆ ಬರುತ್ತಿದ್ದರು. ಅವರಿಗೆ ಅವರ ಪ್ರಭುವಿನ ಸಲಾಮ್ ತಿಳಿಸಬೇಕೆಂದೂ ಸ್ವರ್ಗದಲ್ಲಿ ಒಂದು ಮನೆಯ ಸುವಾರ್ತೆ ನೀಡಬೇಕೆಂದೂ ಜಿಬ್ರೀಲ್(ಅ) ಪ್ರವಾದಿವರ್ಯರಿಗೆ(ಸ) ಹೇಳಿದರು. ಅಲ್ಲಿ ಗದ್ದಲವಿಲ್ಲ, ಆಯಾಸವೂ ಇಲ್ಲ ಎಂದು ಬುಖಾರಿ, ಮುಸ್ಲಿಮ್ ಗ್ರಂಥಗಳಲ್ಲಿದೆ. ಯೋಚಿಸಿ ನೋಡಿ. ಅಲ್ಲಾಹನ ಸಲಾಮ್ ಅವರನ್ನು ಹುಡುಕಿ ಬಂದದ್ದು ಕೈಯಲ್ಲಿ ಊಟದ ಪಾತ್ರೆ ಇದ್ದಾಗ!

ಕ್ರಿ.ಶ. 619ರಲ್ಲಿ ಅವರು ತೀರಿಕೊಂಡರು. ಮೊಮ್ಮಕ್ಕಳಾದ ಹಸನ್(ರ), ಹುಸೈನ್(ರ) ಇನ್ನೂ ಹುಟ್ಟಿರಲಿಲ್ಲ. ಆದರೆ ಪ್ರವಾದಿವರ್ಯರು(ಸ) ಅವರನ್ನು ಮರೆಯಲಿಲ್ಲ. ಆಡು ಕುರಿ ಕೊಯ್ದಾಗಲೆಲ್ಲ ಖದೀಜಾರ(ರ) ಗೆಳತಿಯರ ಮನೆಗೆ ಪಾಲು ಕಳುಹಿಸುತ್ತಿದ್ದರೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಬದ್ರ್ ಯುದ್ಧದ ನಂತರ ಸೆರೆಯಲ್ಲಿದ್ದ ಪತಿಯ ಬಿಡುಗಡೆಗಾಗಿ ಮಗಳು ಝೈನಬ್(ರ) ಒಂದು ಹಾರ ಕಳುಹಿಸಿದರು. ಅದು ಖದೀಜಾ(ರ) ಮಗಳಿಗೆ ಮದುವೆಯಲ್ಲಿ ತೊಡಿಸಿದ್ದ ಹಾರ. ಕಂಡೊಡನೆ ಪ್ರವಾದಿವರ್ಯರ(ಸ) ಮನ ಕರಗಿತು. ಸಹಚರರ ಒಪ್ಪಿಗೆ ಕೇಳಿ ಹಾರವನ್ನು ಮಗಳಿಗೇ ಮರಳಿಸಿದರು. ಅದೇ ಝೈನಬರ ಪುಟ್ಟ ಮಗಳು, ಖದೀಜಾರ(ರ) ಮೊಮ್ಮಗಳು ಉಮಾಮಾಳನ್ನು ನಮಾಝಿನಲ್ಲೂ ಹೆಗಲ ಮೇಲೆ ಹೊತ್ತರು. ಸುಜೂದ್‌ಗೆ ಹೋಗುವಾಗ ಕೆಳಗಿಳಿಸಿ, ಎದ್ದಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು.

ಈ ಹದೀಸ್‌ಗಳನ್ನು ನಾನು ಮದ್ರಸದಲ್ಲಿ ಎಷ್ಟೋ ಸಲ ಕಲಿಸಿದ್ದೇನೆ. ಒಂದು ದಿನ ಪುಟ್ಟ ಹುಡುಗನೊಬ್ಬ ಕೇಳಿದ: "ಉಸ್ತಾದ್, ನಿಮ್ಮ ಅಜ್ಜಿಯ ಗೆಳತಿಗೆ ನೀವು ಏನು ಕೊಡುತ್ತೀರಿ?" ನನ್ನ ಬಾಯಿ ಕಟ್ಟಿಹೋಯಿತು. ನನ್ನ ಅಜ್ಜಿ ಮನೆಯಲ್ಲಿ ಏನು ವಿಶೇಷ ಮಾಡಿದರೂ ಮೊದಲ ಪಾಲನ್ನು ಬೇಲಿಯಾಚೆಯ ಒಂಟಿ ಮುದುಕಿಗೆ ಕಳುಹಿಸುತ್ತಿದ್ದರು. ಪಾತ್ರೆ ಒಯ್ಯುತ್ತಿದ್ದವನು ನಾನೇ. ಅಜ್ಜಿ ತೀರಿಕೊಂಡಾಗ ನೂರಾರು ಜನರಿಗೆ ಊಟ ಹಾಕಿದೆವು. ಆದರೆ ಆ ಪಾತ್ರೆ ಮತ್ತೆಂದೂ ಬೇಲಿ ದಾಟಲಿಲ್ಲ. ಅಂದು ಸಂಜೆಯೇ ಹೋದೆ. ಆ ವೃದ್ಧೆ ನನ್ನ ಕೈ ಹಿಡಿದು, "ನಿನ್ನ ಅಜ್ಜಿ ಹೋದ ಮೇಲೆ ಈ ದಾರಿಯಲ್ಲಿ ಯಾರೂ ಬರಲಿಲ್ಲ ಮಗಾ" ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಅದಕ್ಕೇ ಅದು ನನ್ನನ್ನು ಇಂದಿಗೂ ಚುಚ್ಚುತ್ತದೆ.

ಸಹೋದರರೇ, ಅಗಲಿದವರ ಹೆಸರಲ್ಲಿ ಊಟ ಹಾಕಿಸುವುದು ಸುಲಭ. ಅವರು ಉಳಿಸಿಕೊಂಡಿದ್ದ ಸಂಬಂಧವನ್ನು ಉಳಿಸುವುದು ಕಷ್ಟ. ನಿಮ್ಮ ಅಜ್ಜಿ ಯಾರ ಕಷ್ಟ ಸುಖ ವಿಚಾರಿಸುತ್ತಿದ್ದರು? ಯಾರಿಗೆ ಗುಟ್ಟಾಗಿ ನೆರವಾಗುತ್ತಿದ್ದರು? ಕೇಳಿ ತಿಳಿಯಿರಿ. ಅವರಿಗಾಗಿ ದುಆ ಮಾಡಿ. ಸಜ್ಜನ ಸಂತತಿಯ ಪ್ರಾರ್ಥನೆ ಮರಣಾನಂತರವೂ ತಲುಪುವ ಸತ್ಫಲ.

ಅಜ್ಜಿ ಇನ್ನೂ ಬದುಕಿದ್ದರೆ ನೀವು ಭಾಗ್ಯವಂತರು. ಅವರ ಕೈಯ ಕೊಡವನ್ನು ಇಂದೇ ನೀವು ಎತ್ತಿಕೊಳ್ಳಿ. ಅವರಿಗೆ ಬಡಿಸಿದ ಮೇಲೆ ನೀವು ಉಣ್ಣಿರಿ. ಪ್ರವಾದಿವರ್ಯರು(ಸ) ಸ್ವತಃ ಮನೆಗೆಲಸದಲ್ಲಿ ನೆರವಾಗುತ್ತಿದ್ದರು, ನಮಗೇನು ಸಂಕೋಚ? ಆಯಾಸವಿಲ್ಲದ ಮನೆಯನ್ನು ಕೊಡುವವನು ಅಲ್ಲಾಹನು. ಇಲ್ಲಿನ ಆಯಾಸವನ್ನು ತುಸು ತಗ್ಗಿಸುವುದು ನಮ್ಮ ಕೈಯಲ್ಲಿದೆ.

ನಮ್ಮ ಅಗಲಿದ ತಾಯಂದಿರನ್ನೂ ಅಜ್ಜಿಯಂದಿರನ್ನೂ ಅಲ್ಲಾಹನು ಕ್ಷಮಿಸಲಿ. ಅವರಿಗೆ ಸ್ವರ್ಗದಲ್ಲಿ ಶಾಂತಿಯ ಮನೆಯನ್ನು ಕರುಣಿಸಲಿ. ಆಮೀನ್.